ಮೇಕೆಗೆ ಸ್ಪಾಂಜ್, ಸೂಜಿ: ಎರಡು ಅಕ್ಟೋಬರ್‌ಗಳ ಅನುಭವ

ಬೇಸಿಗೆಯಲ್ಲಿ ಫೋನ್ ಬಂದರೆ ನನಗೆ ಸಂಕಟ ಆಗುತ್ತಿತ್ತು. "ಅಕ್ಕಾ, ಒಂದು ಅರ್ಧ ಲೀಟರ್ ಆದರೂ ಕೊಡಿ" ಅಂತ ತುಮಕೂರಿನ ಮನೆಗಳವರು ಕೇಳುತ್ತಿದ್ದರು. ಕೊಡೋಣ ಅಂದರೆ ಕೊಟ್ಟಿಗೆಯಲ್ಲಿ ಹಾಲೇ ಇರುತ್ತಿರಲಿಲ್ಲ. ಏಪ್ರಿಲ್ ಬಂತೆಂದರೆ ಕರೆಯುವ ಮೇಕೆ ಎರಡೋ ಮೂರೋ ಉಳಿಯುತ್ತಿದ್ದವು. ನವೆಂಬರ್, ಡಿಸೆಂಬರ್‌ನಲ್ಲಿ ಮಾತ್ರ ಹಾಲು ಸುರಿಯುತ್ತಿತ್ತು, ಆಗ ಕೊಳ್ಳುವವರನ್ನು ಹುಡುಕಬೇಕಿತ್ತು.

ನಮ್ಮದು ಕೊರಟಗೆರೆ ಕಡೆಯ ಒಂದು ಹಳ್ಳಿ. 26 ಹೆಣ್ಣು ಮೇಕೆ ಇವೆ. ಹೆಚ್ಚಿನವು ಬೀಟಲ್, ಪಂಜಾಬ್ ಮೂಲದ ತಳಿ, ಉದ್ದ ಕಿವಿ, ಉಬ್ಬು ಮೂಗು. ಉಳಿದವು ಜಮುನಾಪಾರಿ ಬೆರಕೆ. ಚೆನ್ನಾಗಿ ಮೇಯಿಸಿದರೆ ಒಂದು ಬೀಟಲ್ ದಿನಕ್ಕೆ ಒಂದೂವರೆ ಲೀಟರ್ ಕೊಡುತ್ತದೆ. ಮುಂಗಾರು ಬಿದ್ದು ಸೊಪ್ಪು ಚಿಗುರಿದ ಮೇಲೆ, ಜೂನ್ ಕೊನೆಗೆ ಎಲ್ಲವೂ ಬೆದೆಗೆ ಬರುತ್ತವೆ. ಮೇಕೆ ಗಬ್ಬ ಐದು ತಿಂಗಳು, 150 ದಿನ. ಹಾಗಾಗಿ ಮರಿಗಳೆಲ್ಲ ನವೆಂಬರ್ ಕೊನೆಗೆ, ಡಿಸೆಂಬರ್‌ಗೆ. ಐದಾರು ತಿಂಗಳು ಕರೆದರೆ ಹಾಲು ಬತ್ತುತ್ತದೆ. ಬೇಸಿಗೆಗೆ ಹಾಲು ಬೇಕೆಂದರೆ ಮಾರ್ಚ್‌ನಲ್ಲಿ ಈಯಬೇಕು. ಅದಕ್ಕೆ ಅಕ್ಟೋಬರ್‌ನಲ್ಲಿ ಗಬ್ಬ ಕಟ್ಟಬೇಕು. ಲೆಕ್ಕ ಇಷ್ಟೇ. ಆದರೆ ಮೇಕೆಗಳು ಲೆಕ್ಕ ಕೇಳಬೇಕಲ್ಲ!

ಜೂನ್‌ನಲ್ಲಿ ಕೆಲವನ್ನು ಹೋತದಿಂದ ದೂರ ಕಟ್ಟಿ, ಅಕ್ಟೋಬರ್‌ನಲ್ಲಿ ಬಿಟ್ಟು ನೋಡಿದ್ದೆ. ಒಂದು ಇವತ್ತು ಬೆದೆಗೆ ಬಂದರೆ ಇನ್ನೊಂದು ಹದಿನೈದು ದಿನ ಬಿಟ್ಟು. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಮೇಕೆಗಳಲ್ಲಿ ಕೆಲವಂತೂ ಬೆದೆ ತೋರಿಸುವುದೇ ಇಲ್ಲ. ಬಾಲ ಅಲ್ಲಾಡಿಸಲ್ಲ, ಕೂಗಲ್ಲ. ನಾವು ಗಮನಿಸುವಷ್ಟರಲ್ಲಿ ಒಂದೂವರೆ ದಿನ ಕಳೆದು, ಬೆದೆ ಮುಗಿದು ಹೋಗಿರುತ್ತಿತ್ತು. ಮತ್ತೆ 21 ದಿನ ಕಾಯಬೇಕು.

ಆಗ ನಮ್ಮ ಡಾಕ್ಟ್ರು ಈ ಸ್ಪಾಂಜ್ ಚಿಕಿತ್ಸೆ ಹೇಳಿದರು. ಎರಡು ವರ್ಷ ಮಾಡಿಸಿದ್ದೇನೆ. ಮೊದಲ ವರ್ಷ ಏಟು ತಿಂದೆ, ಎರಡನೇ ವರ್ಷ ಲಾಭ ಕಂಡೆ. ಮಾಡಿಸಬೇಕು ಅಂತಿರುವವರಿಗೆ ಎರಡೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಸ್ಪಾಂಜ್ ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ಮೆತ್ತನೆಯ ಒಂದು ತುಂಡು. ಅದರಲ್ಲಿ ಪ್ರೊಜೆಸ್ಟಿರಾನ್ ಜಾತಿಯ ಹಾರ್ಮೋನ್ ತುಂಬಿರುತ್ತದೆ. ಗಬ್ಬದಲ್ಲಿ ಇರುವಾಗ ಮೇಕೆಯ ಮೈಯಲ್ಲಿ ಜಾಸ್ತಿ ಇರುವುದು ಇದೇ. ಯೋನಿಯ ಒಳಗೆ ಇಟ್ಟಾಗ ಮೇಕೆಯ ಮೈ "ಗಬ್ಬ ಕಟ್ಟಿದೆ" ಅಂದುಕೊಂಡು ಬೆದೆಗೆ ಬರುವುದನ್ನು ನಿಲ್ಲಿಸುತ್ತದೆ. 11 ದಿನ ಬಿಟ್ಟು ಹೊರಗೆಳೆದರೆ ತಡೆ ತೆಗೆದ ಹಾಗೆ, ಎಲ್ಲವೂ ಒಟ್ಟಿಗೆ ಬೆದೆಗೆ ಬರುತ್ತವೆ. ತೆಗೆಯುವ ಎರಡು ದಿನ ಮುಂಚೆ, ಅಂದರೆ 9ನೇ ದಿನ, ಎರಡು ಸೂಜಿ. ಒಂದು ಪ್ರೊಸ್ಟಾಗ್ಲಾಂಡಿನ್, ಇನ್ನೊಂದು ಪಿಎಂಎಸ್‌ಜಿ ಅನ್ನುವ ಹಾರ್ಮೋನ್. ಮೊದಲನೆಯದು ಅಂಡಾಶಯದಲ್ಲಿ ಉಳಿದ, ಪ್ರೊಜೆಸ್ಟಿರಾನ್ ಸುರಿಸುವ ಹಳೆಯ ಗಡ್ಡೆಯನ್ನು ಕರಗಿಸುತ್ತದೆ. ಎರಡನೆಯದು ಅಂಡ ಬೆಳೆಯುವಂತೆ ಮಾಡುತ್ತದೆ.

ಇದು ಹೊಸದಲ್ಲ. ಫ್ರಾನ್ಸ್‌ನಲ್ಲಿ ಆಲ್ಪೈನ್, ಸಾನೆನ್ ಮೇಕೆಗಳಿಗೆ ಇದೇ 11 ದಿನದ ಲೆಕ್ಕ ಇಟ್ಟುಕೊಂಡು, ಸ್ಪಾಂಜ್ ತೆಗೆದು ಸುಮಾರು 43 ಗಂಟೆಗೆ ಕೃತಕ ಗರ್ಭಧಾರಣೆ ಮಾಡುತ್ತಾರೆ. ಅಲ್ಲಿ ಚಳಿಗಾಲದಲ್ಲೂ ಚೀಸ್‌ಗೆ ಹಾಲು ಬೇಕಲ್ಲ. ನಮ್ಮ ದೇಶದಲ್ಲಿ ರಾಜಸ್ಥಾನದ ಅವಿಕಾನಗರದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯವರು ಕುರಿಗೆಂದು ಅವಿಕೆಸಿಲ್ ಅನ್ನುವ ಸ್ಪಾಂಜ್ ಮಾಡಿದ್ದಾರೆ. ಹೊರದೇಶದ ಮಾಲು ದುಬಾರಿ ಅನ್ನುವ ನಮ್ಮಂಥವರಿಗೆ ಇಂಥ ಕೆಲಸದ ಬೆಲೆ ಗೊತ್ತು.

ಮೊದಲ ಅಕ್ಟೋಬರ್‌ನಲ್ಲಿ 12 ಮೇಕೆಗೆ ಹಾಕಿಸಿದೆ. ಕೊಟ್ಟಿಗೆ ತೊಳೆದು ಒಣಗಿಸಿದ್ದೆವು. ಡಾಕ್ಟ್ರು ಕೈಗವಸು ಹಾಕಿಕೊಂಡು, ನಳಿಗೆಯನ್ನು ಸೋಂಕುನಾಶಕದ ನೀರಲ್ಲಿ ಅದ್ದಿ, ಸ್ಪಾಂಜ್‌ಗೆ ಮುಲಾಮು ಸವರಿ ಒಳಗೆ ಇಟ್ಟರು. ಯಜಮಾನರು ಮೇಕೆಯ ಕತ್ತು ಹಿಡಿದರು, ನಾನು ಬಾಲ ಎತ್ತಿ ಹಿಡಿದೆ. ಒಂದಕ್ಕೆ ಎರಡು ನಿಮಿಷ ಆಗಲಿಲ್ಲ. ದಾರ ಮಾತ್ರ ಹೊರಗೆ ಜೋತು ಬಿದ್ದಿತ್ತು. ಒಂದೂ ಮರಿ ಹಾಕದ ಎರಡು ಪಡ್ಡೆಗಳನ್ನೂ ಸಾಲಿನಲ್ಲಿ ನಿಲ್ಲಿಸಿದ್ದೆ. ಡಾಕ್ಟ್ರು ಬೇಡ ಅಂದರು. "ಅವಕ್ಕೆ ದಾರಿ ಬಿಗಿ ಇರುತ್ತಮ್ಮಾ, ಗಾಯ ಆಗುತ್ತೆ" ಅಂದರು.

ಆ ದಾರವೇ ಮೊದಲ ತೊಂದರೆ ತಂತು. ಮೇಕೆಗೆ ಬಾಯಿ ಸುಮ್ನೆ ಇರುತ್ತದಾ? ಒಂದರ ಹಿಂದೆ ಇನ್ನೊಂದು ನಿಂತು ದಾರ ಜಗಿಯತೊಡಗಿತು. ಮೂರನೇ ದಿನ ಒಂದು ಸ್ಪಾಂಜ್ ಗೊಬ್ಬರದಲ್ಲಿ ಸಿಕ್ಕಿತು. ಇನ್ನೊಂದು ಮೇಕೆಯಲ್ಲಿ ದಾರವೇ ತುಂಡಾಗಿ, ಕೊನೆಗೆ ಡಾಕ್ಟ್ರು ಬೆರಳು ಹಾಕಿ ಹುಡುಕಿ ತೆಗೆಯಬೇಕಾಯಿತು. ಎರಡನೇ ವರ್ಷ ದಾರವನ್ನು ಒಂದೂವರೆ ಇಂಚು ಬಿಟ್ಟು ಕತ್ತರಿಸಿದೆವು, ಮೇಕೆಗಳನ್ನು ತಲೆ ಬಾಲ ತಾಗದ ಹಾಗೆ ದೂರ ದೂರ ಕಟ್ಟಿದೆವು. ಒಂದೂ ಕಳೆಯಲಿಲ್ಲ.

9ನೇ ದಿನ ಸೂಜಿ. ಪಿಎಂಎಸ್‌ಜಿ ಪುಡಿ ಬಾಟಲಿ ತಂಪಿನಲ್ಲೇ ಇರಬೇಕು, ಕಲಸಿದ ಮೇಲೆ ಅವತ್ತೇ ಮುಗಿಸಬೇಕು. ಒಂದು ಅಂಗಡಿಯವರು ಬಿಸಿಲಲ್ಲಿ ಬರೀ ಪೇಪರ್ ಸುತ್ತಿ ಕೊಟ್ಟು ಕಳಿಸಿದ್ದರು. ಡಾಕ್ಟ್ರು ಬಾಟಲಿ ಮುಟ್ಟಿ ನೋಡಿ ಪಕ್ಕಕ್ಕೆ ಇಟ್ಟರು, ತಮ್ಮ ಡಬ್ಬಿಯಲ್ಲಿದ್ದದ್ದನ್ನು ಹಾಕಿದರು. ಅವತ್ತಿನಿಂದ ಔಷಧಿ ತರುವಾಗ ಐಸ್ ಹಾಕಿದ ಫ್ಲಾಸ್ಕ್ ಜೊತೆಗೇ ಹೋಗುತ್ತದೆ. ನೀವೂ ಫ್ರಿಜ್‌ನಿಂದ ತೆಗೆದು ಕೊಟ್ಟರೆ ಮಾತ್ರ ದುಡ್ಡು ಕೊಡಿ.

ಸೂಜಿ ತುಂಬುವ ಮುಂಚೆ ಡಾಕ್ಟ್ರು ಕೇಳಿದರು, "ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರಾ? ಉಬ್ಬಸ ಇರೋರು?" ಓರಗಿತ್ತಿಗೆ ಆಗ ಮೂರು ತಿಂಗಳು. ಅವಳು ನನ್ನ ಪಕ್ಕದಲ್ಲೇ ಮೇಕೆ ಹಿಡಿದು ನಿಂತಿದ್ದಳು. ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಗರ್ಭಿಣಿಗೆ ಗರ್ಭ ಇಳಿದು ಹೋಗಬಹುದು, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಡಾಕ್ಟ್ರು ಅವಳನ್ನು ಮನೆಯೊಳಗೆ ಕಳಿಸಿದರು. ಸೂಜಿ, ಬಾಟಲಿ ಎಲ್ಲವನ್ನೂ ಅವರೇ ಕಟ್ಟಿಕೊಂಡು ಹೋದರು. ಕೇಳದೇ ಇದ್ದಿದ್ದರೆ ಅಂತ ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಹಳ್ಳಿಯಲ್ಲಿ ಮೇಕೆ ಹಿಡಿಯುವುದು, ಸೂಜಿ ತೊಳೆಯುವುದು, ಖಾಲಿ ಬಾಟಲಿ ಎತ್ತಿಡುವುದು ಎಲ್ಲ ಹೆಂಗಸರೇ ಅಲ್ವಾ? ಈ ಮಾತನ್ನು ಅಂಗಡಿಯವರೇ ಮೊದಲು ಹೇಳಬೇಕು.

ಅದೇ ಸೂಜಿಯಿಂದ ನನ್ನ ಮೇಕೆ ಗೌರಿ ಕಂದು ಹಾಕಿದಳು.

ಡಾಕ್ಟ್ರು ಶುರುವಿನಲ್ಲೇ "ಎಲ್ಲಾ ಖಾಲಿ ತಾನೆ?" ಅಂತ ಕೇಳಿದ್ದರು. ನಾನು ಹೌದು ಅಂದಿದ್ದೆ. ಹೋತದಿಂದ ಬೇರೆ ಕಟ್ಟಿದ್ದೆನಲ್ಲ, ಅನುಮಾನವೇ ಇರಲಿಲ್ಲ. ಆಗಸ್ಟ್‌ನಲ್ಲಿ ಕೆರೆ ಏರಿ ಮೇಲೆ ಮೇಯಿಸುವಾಗ ಪಕ್ಕದ ಮಂದೆಯ ಹೋತ ಒಂದು ನಮ್ಮ ಗುಂಪಿನೊಳಗೆ ನುಗ್ಗಿತ್ತು. ಓಡಿಸಿದ್ದೆವು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಮೇಕೆಯ ಗಬ್ಬ ಕೊನೆಯ ದಿನದವರೆಗೂ ಅಂಡಾಶಯದ ಆ ಗಡ್ಡೆಯ ಮೇಲೇ ನಿಂತಿರುತ್ತದೆ. ಪ್ರೊಸ್ಟಾಗ್ಲಾಂಡಿನ್ ಅದನ್ನು ಕರಗಿಸಿದರೆ ಎಷ್ಟು ತಿಂಗಳ ಗಬ್ಬವಾದರೂ ನಿಲ್ಲುವುದಿಲ್ಲ. ಸ್ಪಾಂಜ್ ತೆಗೆದ ಎರಡನೇ ದಿನ ಬೆಳಗ್ಗೆ ಹುಲ್ಲಿನ ಮೇಲೆ ಎರಡು ಎಳೆಗಂದು ಬಿದ್ದಿದ್ದವು. ಅಂಗೈಯಷ್ಟು ಉದ್ದ. ಕೂದಲು ಬಂದಿರಲಿಲ್ಲ. ಗೊರಸು ಮಾತ್ರ ಆಗಲೇ ಮೂಡಿತ್ತು. ಗೌರಿ ಅವನ್ನು ನೆಕ್ಕುತ್ತಾ ನಿಂತಿದ್ದಳು. ಸಂಜೆವರೆಗೂ ಆ ಜಾಗ ಬಿಟ್ಟು ಬರಲಿಲ್ಲ, ಮೇವು ಮುಟ್ಟಲಿಲ್ಲ. ಅತ್ತೆ ಅವತ್ತು ಊಟ ಮಾಡಲಿಲ್ಲ. ನನಗೆ ಬೈಯಲೂ ಇಲ್ಲ. ಬೈದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ಸ್ಕ್ಯಾನ್ ಮಾಡಿಸಿದ್ದರೆ ಇದು ತಪ್ಪುತ್ತಿತ್ತು. ನಮಗೆ ಒಂದಕ್ಕೆ 150 ರೂಪಾಯಿ. ಈಗ ಸ್ಕ್ಯಾನ್ ಆಗದ ಮೇಕೆಗೆ ಈ ಸೂಜಿ ಮುಟ್ಟಿಸುವುದಿಲ್ಲ. ಯಾರು ಏನೇ ಹೇಳಲಿ, ಹೋತ ಕಂಡೇ ಇಲ್ಲ ಅನ್ನಲಿ, ಮೊದಲು ಸ್ಕ್ಯಾನ್.

ಉಳಿದ ಮೇಕೆಗಳ ಕಥೆ ಹೇಳುತ್ತೇನೆ. ಸ್ಪಾಂಜ್ ಎಳೆದಾಗ ಬೆಳ್ಳಗಿನ ನೀರು ಸುರಿಯುತ್ತದೆ, ಕೆಟ್ಟ ವಾಸನೆ ಬರುತ್ತದೆ. ಗಾಬರಿ ಬೇಡ, ಒಂದೆರಡು ದಿನಕ್ಕೆ ನಿಲ್ಲುತ್ತದೆ. ರಕ್ತ, ಕೀವು ಬಂದರೆ ಮಾತ್ರ ಡಾಕ್ಟ್ರಿಗೆ ಹೇಳಿ. ತೆಗೆದದ್ದು ಬೆಳಗ್ಗೆ ಎಂಟಕ್ಕೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆ ತುಂಬಾ ಕೂಗು. ಬಾಲ ಚಟಪಟ ಆಡಿಸುತ್ತಾ, ಒಂದರ ಮೇಲೊಂದು ಹತ್ತುತ್ತಾ, ಎಂಟು ಮೇಕೆ ಒಟ್ಟಿಗೆ ಬೆದೆ. ವರ್ಷಗಟ್ಟಲೆ ಮೇಕೆ ಸಾಕಿದರೂ ಅಂಥದ್ದು ನೋಡಿರಲಿಲ್ಲ. ಔಷಧಿ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿತ್ತು.

ಆದರೆ ಹೋತ ಒಂದೇ. ಮೊದಲ ನಾಲ್ಕೈದು ಮೇಕೆಗೆ ಚೆನ್ನಾಗಿ ಹಾರಿತು. ಸಂಜೆಗೆ ಮೂಲೆಯಲ್ಲಿ ಮಲಗಿಬಿಟ್ಟಿತು. ಎಬ್ಬಿಸಿದರೆ ಏಳುತ್ತಿತ್ತು, ಮೂಸಿ ನೋಡಿ ಮತ್ತೆ ಮಲಗುತ್ತಿತ್ತು. ಕೊನೆಯಲ್ಲಿ ಹಾರಿಸಿಕೊಂಡ ಮೇಕೆಗಳಲ್ಲಿ ನಾಲ್ಕು, 20, 21ನೇ ದಿನಕ್ಕೆ ಮತ್ತೆ ಬೆದೆಗೆ ಬಂದವು. ಒಂದು ಸಮಾಧಾನ ಏನೆಂದರೆ, ತಪ್ಪಿದವು ಕೂಡ ಮತ್ತೆ ಒಟ್ಟಿಗೇ ಬೆದೆಗೆ ಬರುತ್ತವೆ. ಆಗ ನಾಲ್ಕೇ ಇದ್ದದ್ದರಿಂದ ಹೋತಕ್ಕೆ ಸಾಕಾಯಿತು, ಮೂರು ಗಬ್ಬ ನಿಂತವು. ಸಹಜವಾಗಿ ಬೆದೆಗೆ ಬರುವಾಗ 25 ಮೇಕೆಗೆ ಒಂದು ಹೋತ ಸಾಕು. ಸ್ಪಾಂಜ್ ಹಾಕಿದರೆ ಆ ಲೆಕ್ಕ ನಡೆಯುವುದಿಲ್ಲ. ಐದು ಮೇಕೆಗೆ ಒಂದು ಹೋತ ಅಂತ ಇಟ್ಟುಕೊಳ್ಳಿ.

ಎರಡನೇ ಅಕ್ಟೋಬರ್‌ಗೆ 10 ಮೇಕೆ ಆರಿಸಿದೆ. ಎಲ್ಲಕ್ಕೂ ಸ್ಕ್ಯಾನ್ ಆಯಿತು. ಮೂರು ವಾರ ಮುಂಚೆ ಜಂತಿನ ಔಷಧಿ ಕುಡಿಸಿ, ದಿನಾ ಕಾಲು ಕೆಜಿ ಮೆಕ್ಕೆಜೋಳದ ನುಚ್ಚು ಮತ್ತು ಹಿಂಡಿ ಜಾಸ್ತಿ ಕೊಟ್ಟೆ, ಜೊತೆಗೆ ಖನಿಜ ಮಿಶ್ರಣ. ಬೆನ್ನು ಸವರಿದರೆ ಮೂಳೆ ಚುಚ್ಚುತ್ತಿದ್ದ ಎರಡನ್ನು ಬಿಟ್ಟು ಬೇರೆ ಎರಡು ಸೇರಿಸಿಕೊಂಡೆ. ಹೊಟ್ಟೆಗಿಲ್ಲದ ಮೇಕೆಗೆ ಹಾರ್ಮೋನ್ ಕೊಟ್ಟರೆ ಬೆದೆ ತೋರಿಸಬಹುದು, ಗಬ್ಬ ನಿಲ್ಲುವುದು ಕಷ್ಟ. ಮೊದಲ ವರ್ಷ ಬಡಕಲು ಇದ್ದ ಚುಕ್ಕಿಯಲ್ಲಿ ಅದನ್ನೇ ಕಂಡಿದ್ದೆ. ಬೆದೆ ಚೆನ್ನಾಗಿ ಬಂತು, ಎರಡು ಸಲ ಹಾರಿಸಿದರೂ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಈ ಔಷಧಿ ಬೆದೆಯ ಹೊತ್ತನ್ನು ಮಾತ್ರ ಕೂಡಿಸುತ್ತದೆ. ಗೊಡ್ಡು ಮೇಕೆಗೆ ಮರಿ ಕೊಡುವ ಮದ್ದು ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಹೋತ ಎರಡು ಇಟ್ಟುಕೊಂಡೆ. ಒಂದು ನಮ್ಮದು, ಒಂದು ತಮ್ಮನ ಮನೆಯಿಂದ ತಂದದ್ದು. ಮಂದೆಗೆ ಬಿಡದೆ, ಒಂದೊಂದೇ ಮೇಕೆಯನ್ನು ಹಿಡಿದು ತೋರಿಸಿ, ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ ಹಾರಿಸಿದೆವು. ಯಾವುದಕ್ಕೆ ಯಾವ ಹೋತ, ಎಷ್ಟು ಹೊತ್ತಿಗೆ, ಎಲ್ಲ ಮಗಳ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. 10ರಲ್ಲಿ 9 ಬೆದೆಗೆ ಬಂದವು, 7 ಗಬ್ಬ ನಿಂತವು. 45 ದಿನಕ್ಕೆ ಸ್ಕ್ಯಾನ್‌ನಲ್ಲಿ ಡಾಕ್ಟ್ರು ಬೆರಳಿಟ್ಟು ತೋರಿಸಿದಾಗ ಪರದೆ ಮೇಲೆ ಕಾಳಿನಷ್ಟು ಬೆಳ್ಳಗಿನದೊಂದು ಪಟಪಟ ಮಿಡಿಯುತ್ತಿತ್ತು. ಪಕ್ಕದಲ್ಲೇ ಇನ್ನೊಂದು.

ಮಾರ್ಚ್‌ನಲ್ಲಿ ನಾಲ್ಕು ದಿನದೊಳಗೆ ಏಳೂ ಈದವು. 13 ಮರಿ. ಆ ನಾಲ್ಕು ರಾತ್ರಿ ನಾನು, ಓರಗಿತ್ತಿ ಸರದಿ ಮೇಲೆ ಕೊಟ್ಟಿಗೆಯಲ್ಲೇ ಮಲಗಿದೆವು. ಒಂದು ಮಾಸು ಹಾಕುವಷ್ಟರಲ್ಲಿ ಇನ್ನೊಂದು ನೀರೊಡೆಯುತ್ತಿತ್ತು. ಮರಿ ಒರೆಸುವುದು, ಹೊಕ್ಕುಳಿಗೆ ಅಯೋಡಿನ್, ಗಿಣ್ಣು ಹಾಲು ಕುಡಿಸುವುದು. ಒಬ್ಬರೇ ಮೇಕೆ ನೋಡಿಕೊಳ್ಳುವ ಮನೆಯವರು ಇದನ್ನು ಯೋಚಿಸಿ. ಎಲ್ಲ ಒಟ್ಟಿಗೆ ಗಬ್ಬ ಕಟ್ಟಿದರೆ ಎಲ್ಲ ಒಟ್ಟಿಗೆ ಈಯುತ್ತವೆ. ಒಂದು ಒಳ್ಳೆಯದೂ ಇದೆ. ತಾಯಿಯ ಹಾಲು ಸಾಲದ ಮರಿಯನ್ನು ಪಕ್ಕದ ಮೇಕೆಗೆ ಬಿಡಬಹುದು. ಮೂರು ಮರಿ ಹಾಕಿದ ಕೆಂಪಿಯ ಒಂದು ಮರಿ ಹಾಗೇ ಉಳಿಯಿತು.

ದುಡ್ಡಿನ ಮಾತು. ಸ್ಪಾಂಜ್, ಎರಡು ಸೂಜಿ, ಮುಲಾಮು, ಕೈಗವಸು ಸೇರಿ ನನಗೆ ಒಂದು ಮೇಕೆಗೆ ಸುಮಾರು 700 ರೂಪಾಯಿ ಬಿತ್ತು. ಡಾಕ್ಟ್ರು ಮೂರು ಸಲ ಬಂದದ್ದಕ್ಕೆ 1,500. ಸ್ಕ್ಯಾನ್ 1,500. ಹತ್ತು ಮೇಕೆಗೆ ಒಟ್ಟು 10,000 ಅನ್ನಿ. ಮರಿಗಳಿಗೆ ಬಿಟ್ಟು ದಿನಕ್ಕೆ ಆರು ಲೀಟರ್ ಮಾರಿದೆ, ಏಪ್ರಿಲ್‌ನಿಂದ ಜೂನ್‌ವರೆಗೆ, ಲೀಟರ್‌ಗೆ 120ರಂತೆ. ಮೂರು ತಿಂಗಳಿಗೆ 64,800. ಮೇವು, ಹಿಂಡಿ ಕಳೆದರೂ ಕೈಯಲ್ಲಿ ಉಳಿಯಿತು. ಆ ಬೇಸಿಗೆ ಫೋನ್ ಬಂದಾಗ ಇಲ್ಲ ಅನ್ನಲಿಲ್ಲ. ಹಾಲು ಮಾರದೆ ಮರಿ ಮಾರಲು ಮಾತ್ರ ಸಾಕುವವರಿಗೆ ಈ ಖರ್ಚು ಬೇಕೇ ಅಂತ ನನಗೆ ಅನುಮಾನ.

ಪಿಎಂಎಸ್‌ಜಿ ಬಗ್ಗೆ ನನ್ನ ಮನಸ್ಸು ಇನ್ನೂ ತಿಳಿಯಾಗಿಲ್ಲ. ಅದು ಗಬ್ಬದ ಕುದುರೆಯ ರಕ್ತದಿಂದ ತೆಗೆಯುವ ಔಷಧಿ. ಅರ್ಜೆಂಟೀನಾ, ಉರುಗ್ವೆ, ಐಸ್‌ಲ್ಯಾಂಡ್‌ಗಳಲ್ಲಿ ಇದಕ್ಕೆಂದೇ ಕುದುರೆ ಸಾಕಿ ರಕ್ತ ತೆಗೆಯುತ್ತಾರೆ. ಗೌರಿಯನ್ನು ಹಾಗೆ ನೋಡಿದ ಮೇಲೆ, ಇನ್ನೊಂದು ಗಬ್ಬದ ಜೀವದ ರಕ್ತದಿಂದ ನನ್ನ ಮೇಕೆ ಗಬ್ಬ ಕಟ್ಟುವುದು ಮನಸ್ಸಿಗೆ ಕಸಿವಿಸಿ. ಇನ್ನೊಂದು ತೊಂದರೆಯೂ ಇದೆ. ಅದೇ ಮೇಕೆಗೆ ವರ್ಷ ವರ್ಷ ಕೊಟ್ಟರೆ ಮೈ ಅದರ ವಿರುದ್ಧ ನಿಲ್ಲುತ್ತದೆ, ಬೆದೆ ತಡವಾಗುತ್ತದೆ, ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ. ಡೋಸ್ ಜಾಸ್ತಿ ಆದರೆ ಮೂರು ನಾಲ್ಕು ಮರಿ ತುಂಬಿ ತಾಯಿ ಸೊರಗುತ್ತದೆ. ನಮ್ಮ ಡಾಕ್ಟ್ರು 400 ಯೂನಿಟ್ ದಾಟಲಿಲ್ಲ.

ಅದಕ್ಕೇ ಎರಡನೇ ವರ್ಷ ಬೇರೆ ಎಂಟು ಮೇಕೆಗಳಲ್ಲಿ ಸೂಜಿ ಇಲ್ಲದ ದಾರಿ ನೋಡಿದೆ. ಹೋತವನ್ನು ಆರು ವಾರ ತೋಟದ ಮನೆಗೆ ಸಾಗಿಸಿದೆವು. ಕಣ್ಣಿಗೂ ಬೀಳಬಾರದು, ವಾಸನೆಯೂ ಬರಬಾರದು. ಆಮೇಲೆ ಒಂದು ಬೆಳಗ್ಗೆ ತಂದು ಬಿಟ್ಟೆವು. ಹೋತದ ವಾಸನೆಗೆ ಮೇಕೆಗಳ ಮೈ ತಾನಾಗಿ ಎಚ್ಚರವಾಗುತ್ತದೆ. ಮೂರ್ನಾಲ್ಕು ದಿನಕ್ಕೆ ಐದು ಬೆದೆಗೆ ಬಂದವು. ಅವುಗಳಲ್ಲಿ ಮೂರು, ವಾರದೊಳಗೆ ಮತ್ತೆ ಬೆದೆಗೆ ಬಂದವು. ಹೀಗೆ ಮೊದಲ ಬೆದೆ ಹುಸಿ ಹೋಗಿ ಐದಾರು ದಿನಕ್ಕೆ ಎರಡನೆಯದು ಬರುವುದು ಸಹಜ, ಹೆದರಬೇಡಿ. ಎಂಟರಲ್ಲಿ ಐದು ನಿಂತವು. ಈದದ್ದು ಮೂರು ವಾರದ ಅಂತರದಲ್ಲಿ, ಸ್ಪಾಂಜ್‌ನಷ್ಟು ಒತ್ತಾಗಿ ಅಲ್ಲ. ಆದರೆ ಖರ್ಚು ಇಲ್ಲ, ಕುದುರೆ ಇಲ್ಲ, ಮನೆ ಹೆಂಗಸರಿಗೆ ಅಪಾಯ ಇಲ್ಲ. ಯುರೋಪಿನಲ್ಲಿ ಸಾವಯವ ಹಾಲು ಅಂತ ಮಾರುವವರು ಹಾರ್ಮೋನ್ ಬಳಸುವ ಹಾಗೇ ಇಲ್ಲ, ಅವರಿಗೆ ಇದೇ ದಾರಿ.

ಐದು ಅಂಕಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿದರೆ, ಔಷಧಿಯ ಕೆಲಸಕ್ಕೆ ನಾಲ್ಕು, ಅದನ್ನು ಮಾರುವ ರೀತಿಗೆ ಎರಡು. ನಮ್ಮ ಡಾಕ್ಟ್ರ ತಾಳ್ಮೆಗೆ ಐದೂ ಕೊಡುತ್ತೇನೆ. ಬರೀ ಕಿಟ್ ತರಿಸಿಕೊಂಡು ನಾವೇ ಹಾಕಿಕೊಳ್ಳುತ್ತೇವೆ ಅನ್ನುವವರಿಗೆ ಕೈಮುಗಿದು ಬೇಡ ಅನ್ನುತ್ತೇನೆ.

ಈ ಅಕ್ಟೋಬರ್‌ಗೆ ಆರೇ ಮೇಕೆ ಗುರುತು ಹಾಕಿದ್ದೇನೆ, ಒಂದಕ್ಕೂ ಈ ಮುಂಚೆ ಸೂಜಿ ಬಿದ್ದಿಲ್ಲ. ಸ್ಕ್ಯಾನ್ ಮುಂದಿನ ಗುರುವಾರ. ಗೌರಿ ಆ ಸಾಲಿನಲ್ಲಿ ಇಲ್ಲ. ಅವಳು ಹೋದ ವರ್ಷ ಹೋತದ ಜೊತೆಗೇ ಸಹಜವಾಗಿ ಗಬ್ಬ ಕಟ್ಟಿ ಎರಡು ಹೆಣ್ಣು ಮರಿ ಹಾಕಿದ್ದಾಳೆ. ಎರಡಕ್ಕೂ ಅವಳದೇ ಉದ್ದ ಕಿವಿ.